ಡಿ ದರ್ಜೆಗೆ ಚೌಕಾಸಿ

ಈ ಬುತ್ತಿ ಡಬ್ಬಿಗೆ ನಾನು ಮುನ್ನೂರ ಎಂಬತ್ತು ರೂಪಾಯಿ ಕೊಟ್ಟೆ. ಸ್ಟೀಲಿನದು, ಮೂರು ಖಾನೆ, ಮೇಲೊಂದು ಹಿಡಿಕೆ. ಅಂಗಡಿಯವನು ಮುನ್ನೂರ ಎಂಬತ್ತು ಅಂದ, ನಾನು ಮುನ್ನೂರ ಎಂಬತ್ತು ಕೊಟ್ಟೆ. ಗುಡಗೇರಿ ಸಂತೆಯಲ್ಲಿ ನನ್ನನ್ನು ಬಲ್ಲವರಿಗೆ ಇಷ್ಟು ಹೇಳಿದರೆ ಸಾಕು, ಫಕ್ಕೀರಪ್ಪನಿಗೆ ಏನೋ ಆಗಿದೆ ಎಂದು ಅವರು ಮುಂದೆ ಓದದೆಯೇ ಎದ್ದು ನನ್ನ ಮನೆ ಕಡೆಗೆ ಬಂದಾರು. ಅಂಗಡಿಯವನಿಗೂ ಗಾಬರಿಯಾಯಿತು. ಹಣವನ್ನು ಕೈಯಲ್ಲೇ ಹಿಡಿದುಕೊಂಡು ನನ್ನ ಮುಖ ನೋಡಿದ.

“ಕಾಕಾ, ಮೈಯಾಗ ಆರಾಮ ಐತಿಲ್ಲೋ?”

“ಐತಿ. ಯಾಕ?”

“ಅಲ್ರಿ, ನೀವು ಇನ್ನೂರಾ ಐವತ್ತು ಅನ್ನಬೇಕು, ನಾ ಆಗೂದಿಲ್ಲ ಅನ್ನಬೇಕು, ನೀವು ಎದ್ದು ಹೊಂಡಬೇಕು, ನಾ ಹೊಳ್ಳಿ ಕರೀಬೇಕು. ಇದೇನ್ರಿ, ಒಮ್ಮೆಲೇ ಮುಗಿಸಿಬಿಟ್ರಿ?”

ಅವನ ಮುಖದಲ್ಲಿ ಮಾಲು ಮಾರಿದ ಸಂತೋಷಕ್ಕಿಂತ ಆಟ ತಪ್ಪಿದ ಬೇಸರವೇ ಹೆಚ್ಚಾಗಿತ್ತು. ಕೊನೆಗೆ ಮನಸ್ಸು ತಡೆಯದೆ ಡಬ್ಬಿಯೊಳಗೆ ಒಂದು ಚಮಚ ಹಾಕಿ ಕೊಟ್ಟ. ನಾನು ಯಾಕೆ ಚೌಕಾಸಿ ಮಾಡಲಿಲ್ಲವೆಂದರೆ, ಅದರ ಹಿಂದಿನ ಹದಿನೈದು ದಿನಗಳಲ್ಲಿ ನನ್ನ ಚೌಕಾಸಿಯೆಲ್ಲ ಖರ್ಚಾಗಿ ಹೋಗಿತ್ತು. ಡಬ್ಬಿ ನನ್ನ ಹೆಂಡತಿ ಕಸ್ತೂರಿಗೆ. ಅವಳಿಗೆ ಸರಕಾರಿ ನೌಕರಿ ಬಂದಿತ್ತು. ಜವಾನರ ನೌಕರಿ, ಡಿ ದರ್ಜೆ. ಅದನ್ನು ಹಿಡಿಯಬೇಕೋ ಬಿಡಬೇಕೋ ಎಂಬ ಲೆಕ್ಕದಲ್ಲಿ ನಾನು ಎಷ್ಟು ಎಡವಿದೆ ಎಂಬುದನ್ನು ಹೇಳಬೇಕಾದರೆ ಸ್ವಲ್ಪ ಹಿಂದಕ್ಕೆ ಹೋಗಬೇಕು. ಕುಳಿತುಕೊಳ್ಳಿ, ಅವಸರವಿಲ್ಲ.

ನಾನು ದಲಾಲಿ. ಮೊದಲು ಎತ್ತು ಕೊಡಿಸುತ್ತಿದ್ದೆ, ಈಗ ಹಳೆಯ ಟ್ರ್ಯಾಕ್ಟರ್ ಕೊಡಿಸುತ್ತೇನೆ. ನಡುನಡುವೆ ಕನ್ಯೆ-ವರ ಕೂಡಿಸಿದ್ದೂ ಉಂಟು, ಅದಕ್ಕೆ ದಲಾಲಿ ತೆಗೆದುಕೊಂಡಿಲ್ಲ, ಉಂಡು ಬಂದಿದ್ದೇನೆ. ಅಪ್ಪ ತೀರಿಕೊಂಡಾಗ ನಾನು ಆರನೆಯ ಇಯತ್ತೆ. ಸೋದರಮಾವ ಬಂದು, ಇವನ ಶಾಲೆ ಒಂದು ಕಡೆ ನಡೆಯಲಿ, ಸಂತೆ ಒಂದು ಕಡೆ ನಡೆಯಲಿ ಎಂದು ವಾರಕ್ಕೊಮ್ಮೆ ದನದ ಸಂತೆಗೆ ಕರೆದುಕೊಂಡು ಹೋಗತೊಡಗಿದ. ಹೀಗಾಗಿ ನಾನು ಪದವಿಯವರೆಗೆ ಓದಿದ್ದೂ ಹೌದು, ಎತ್ತಿನ ಬಾಯಿ ಬಿಡಿಸಿ ಹಲ್ಲು ನೋಡಿ ವಯಸ್ಸು ಹೇಳಲು ಕಲಿತದ್ದೂ ಹೌದು. ಎರಡರಲ್ಲಿ ಅನ್ನ ಹಾಕಿದ್ದು ಹಲ್ಲು.

ಮಾವನ ವ್ಯಾಪಾರವೆಲ್ಲ ಟವೆಲ್ಲಿನ ಕೆಳಗೆ ನಡೆಯುತ್ತಿತ್ತು. ನೀವು ಪಟ್ಟಣದವರಾಗಿದ್ದರೆ ಇದನ್ನು ತಿಳಿಸಿ ಹೇಳಬೇಕು. ದನದ ಸಂತೆಯಲ್ಲಿ ದರವನ್ನು ಬಾಯಿಂದ ಹೇಳುವುದಿಲ್ಲ. ಹೇಳಿದರೆ ಬಾಜುದವನು ಕೇಳುತ್ತಾನೆ, ಅವನ ಎತ್ತಿನ ದರವೂ ಏರುತ್ತದೆ. ಅದಕ್ಕೆ ಇಬ್ಬರ ಕೈಗಳ ಮೇಲೆ ಒಂದು ಟವೆಲ್ ಹೊದಿಸಿ ಒಳಗೆ ಬೆರಳು ಹಿಡಿಯುತ್ತಾರೆ. ಒಂದು ಬೆರಳು ಹಿಡಿದರೆ ಒಂದು, ನಾಲ್ಕು ಹಿಡಿದರೆ ನಾಲ್ಕು. ನೂರೋ ಸಾವಿರವೋ ಎಂಬುದು ಎತ್ತನ್ನು ನೋಡಿದ ಇಬ್ಬರಿಗೂ ಗೊತ್ತೇ ಇರುತ್ತದೆ. ಮೇಲೆ ಬಾಯಿ ಮಳೆ-ಬೆಳೆ ಮಾತಾಡುತ್ತಿರುತ್ತದೆ, ಕೆಳಗೆ ಬೆರಳು ಜಗಳಾಡುತ್ತಿರುತ್ತವೆ. ಮಾವನ ಟವೆಲ್ಲಿಗೆ ತಂಬಾಕು, ಬೆವರು, ಹಸಿ ಹುಲ್ಲು ಮೂರರ ವಾಸನೆ. ಅದರ ಕೆಳಗೆ ಇಣುಕಲು ಹೋಗಿ ನಾನು ತಿಂದ ಏಟುಗಳಿಗೆ ಲೆಕ್ಕವಿಲ್ಲ. ಮೊದಲ ಸಲ ನನ್ನ ಕೈಯನ್ನು ಒಳಗೆ ಬಿಟ್ಟಾಗ ಆ ಕಡೆಯ ರೈತ ಬೆರಳು ಹಿಚುಕಿ ನೋಡಿ, “ಇವೇನೋ ಇವು, ಬೆಂಡಿಕಾಯಿ ಎಷ್ಟಕ್ಕ ಕೊಡ್ತಿ?” ಎಂದು ನಕ್ಕಿದ್ದ.

ಮಾವ ನನಗೆ ಎರಡು ಸೂತ್ರ ಹೇಳಿಕೊಟ್ಟಿದ್ದ. ಒಂದು, ಬೋಣಿಗೆ ಗಿರಾಕಿಯನ್ನು ಹೊಳ್ಳಿ ಕಳಿಸಬಾರದು. ದಿನದ ಮೊದಲ ವ್ಯಾಪಾರ, ಸ್ವಲ್ಪ ಕಡಿಮೆಗಾದರೂ ಮುಗಿಸಿಬಿಡಬೇಕು, ಕೈ ಓಡತೊಡಗಿದರೆ ಮುಂದಿನದು ತಾನೇ ಬರುತ್ತದೆ. ಎರಡು, ಒಮ್ಮೆ ಸಸ್ತಾ ಹೋದ ಎತ್ತು ಎಲ್ಲಿ ಹೋದರೂ ಸಸ್ತಾ. ಒಳ್ಳೆಯ ಮಾಲನ್ನು ಕಡಿಮೆಗೆ ಕೊಟ್ಟರೆ ಏನೋ ಐಬು ಇರಬೇಕು ಎಂದು ಜನ ತಿಳಿಯುತ್ತಾರೆ, ಆಮೇಲೆ ಅದರ ದರ ಏರುವುದೇ ಇಲ್ಲ. ಎರಡೂ ಸತ್ಯ. ಎರಡರಿಂದಲೂ ನಾನು ದುಡಿದಿದ್ದೇನೆ. ಆದರೆ ಯಾವಾಗ ಯಾವುದನ್ನು ಹಚ್ಚಬೇಕೆಂಬುದನ್ನು ಹೇಳದೆಯೇ ಮಾವ ತೀರಿಕೊಂಡ. ಎತ್ತಿನ ವಿಷಯದಲ್ಲಿ ಅದು ನನಗೆ ಎಂದೂ ಕೊರತೆಯೆನಿಸಿರಲಿಲ್ಲ.

ಕಸ್ತೂರಿ ನನ್ನನ್ನು ಮದುವೆಯಾದಾಗ ಬಿ.ಎ. ಎರಡನೆಯ ವರ್ಷದಲ್ಲಿದ್ದಳು. ಮೂರನೆಯ ವರ್ಷವನ್ನು ಮಗಳನ್ನು ತೊಡೆಯ ಮೇಲೆ ಹಾಕಿಕೊಂಡು ಮುಗಿಸಿದಳು. ಮಗಳು ಶಾಲೆಗೆ ಹೋಗತೊಡಗಿದ ಮೇಲೆ ದ್ವಿತೀಯ ದರ್ಜೆ ಸಹಾಯಕರ ಪರೀಕ್ಷೆಗೆ ಓದತೊಡಗಿದಳು. ಎರಡು ಸಲ ಬರೆದಳು, ಎರಡು ಸಲವೂ ಪಟ್ಟಿಯ ಬಾಗಿಲವರೆಗೆ ಹೋಗಿ ಹೊಸ್ತಿಲು ದಾಟದೆ ಬಂದಳು. ಮೂರನೆಯ ಸಲಕ್ಕೆ ಸರಕಾರ ಅರ್ಜಿಯನ್ನೇ ಕರೆಯಲಿಲ್ಲ. ಈಗ ಮೂವತ್ತಾರು. ಇನ್ನೆರಡು ವರ್ಷಕ್ಕೆ ವಯಸ್ಸಿನ ಮಿತಿ ಮುಗಿಯುತ್ತದೆ. ಈ ನಡುವೆ ಯಾವುದೋ ಇಲಾಖೆ ಜವಾನರನ್ನು ಕರೆದಾಗ ಅದಕ್ಕೂ ಒಂದು ಅರ್ಜಿ ಹಾಕಿದ್ದಳಂತೆ. ನನಗೆ ಹೇಳಿದ್ದಳೋ, ಹೇಳಿದಾಗ ನಾನು ಯಾರದೋ ಟ್ರ್ಯಾಕ್ಟರಿನ ಗೇರ್‌ಬಾಕ್ಸ್ ವಿಚಾರ ಮಾಡುತ್ತಿದ್ದೆನೋ, ಈಗ ಪ್ರಮಾಣ ಮಾಡಿ ಹೇಳಲಾರೆ.

ನೇಮಕದ ಹುಕುಂ ಬಂದ ದಿನ ಮಗಳು ಅದನ್ನು ಗಟ್ಟಿಯಾಗಿ ಓದಿದಳು. ಅಣ್ಣಿಗೇರಿಯಲ್ಲಿ ಹುದ್ದೆ. ಹದಿನೈದು ದಿನದೊಳಗೆ ಮೂಲ ಕಾಗದಗಳೊಂದಿಗೆ ಧಾರವಾಡದ ಕಚೇರಿಗೆ ಹಾಜರಾಗಿ ಒಪ್ಪಿಗೆ ಪತ್ರ ಕೊಡತಕ್ಕದ್ದು, ತಪ್ಪಿದಲ್ಲಿ ಪಟ್ಟಿಯಲ್ಲಿನ ಮುಂದಿನವರಿಗೆ ಕೊಡಲಾಗುವುದು. ವಿದ್ಯಾರ್ಹತೆ ಎಂಬಲ್ಲಿ ಏಳನೆಯ ತರಗತಿ ಎಂದಿತ್ತು. ಕಸ್ತೂರಿ ರೊಟ್ಟಿ ಬಡಿಯುತ್ತಿದ್ದವಳು ಬಡಿಯುತ್ತಲೇ ಕೇಳಿದಳು. ನಾನು ಕೂಡಲೇ, “ಅವಸರ ಮಾಡೂದು ಬ್ಯಾಡ. ವಿಚಾರ ಮಾಡೂಣು,” ಎಂದೆ. ಮೊದಲ ದರಕ್ಕೆ ಹೂಂ ಅನ್ನುವವನು ದಲಾಲಿಯಲ್ಲ. ಅವಳು “ಆತ್ರಿ” ಎಂದಳು. ರೊಟ್ಟಿ ಹಂಚಿನ ಮೇಲೆ ಹೋಯಿತು.

ವಿಚಾರ ಮಾಡುವುದೆಂದರೆ ನಮ್ಮಲ್ಲಿ ನಾಲ್ಕು ಮಂದಿಯನ್ನು ಕೇಳುವುದು. ಮೊದಲು ಅವ್ವನನ್ನು ಕೇಳಿದೆ.

“ಯಪ್ಪಾ, ಸರಕಾರದ ಅಂಬ್ಲಿ ತೆಳ್ಳಗ ಇರ್ತೈತಿ, ಖರೆ ದಿನಾ ಇರ್ತೈತಿ. ನಿನ್ನ ದಲಾಲಿ ಒಂದಿನ ಹೋಳಿಗಿ, ನಾಕ ದಿನ ಉಪಾಸ.”

ಇದು ಬೋಣಿಗೆ ಸೂತ್ರ ಎಂದುಕೊಂಡೆ, ಮನಸ್ಸು ಹಿಡಿಯುವ ಕಡೆಗೆ ವಾಲಿತು. ಮರುದಿನ ಸಂತೆಯಲ್ಲಿ ಮಕ್ತುಮ್‌ಸಾಬ ಸಿಕ್ಕ. ಅವನೂ ದಲಾಲಿ, ಮೂವತ್ತು ವರ್ಷದ ದೋಸ್ತ. ನನ್ನ ಸುಳ್ಳುಗಳೆಲ್ಲ ಅವನಿಗೆ ಗೊತ್ತು, ಅವನವು ನನಗೆ ಗೊತ್ತು.

“ಲೇ ಫಕ್ಕೀರಾ, ತಲಿ ಕೆಟ್ಟೈತೇನು? ಬಿ.ಎ. ಓದಿದ ವೈನಿ ಹೋಗಿ ಯಾರರೆ ಘಂಟಿ ಬಾರಿಸಿದ್ರ ಏಳಬೇಕೇನು? ನಿನ್ನ ಕಡೆ ಬಂದು ಕೈ ಮುಗಿಯೂ ಮಂದಿ ಇದ್ದಾರ ಆ ಆಫೀಸಿನ್ಯಾಗ. ಎ-ಒನ್ ಮಾಲ್ ಒಯ್ದು ಮೂರನೇ ನಂಬರ್ ದರಕ್ಕ ಕೊಡ್ತೀ?”

ಇದು ಎರಡನೆಯ ಸೂತ್ರ. ಮನಸ್ಸು ಬಿಡುವ ಕಡೆಗೆ ವಾಲಿತು. ಹಾಗೆಂದುಕೊಂಡು ಮನೆಗೆ ಬಂದು ಕೈಕಾಲು ತೊಳೆಯುವುದರೊಳಗೆ ಅವನೇ ಫೋನ್ ಮಾಡಿದ. “ಹಂಗ ಅಂದೆ ಖರೆ, ನನ್ನ ಮಗಳಿಗೆ ಬಂದಿದ್ರ ಅರ್ಧಾ ತಾಸಿನ್ಯಾಗ ಕಳಸ್ತಿದ್ದೆ ನೋಡು.”

“ಮತ್ತ ನನಗ್ಯಾಕ ಬ್ಯಾಡ ಅಂದಿ?”

“ನೀ ಕೇಳಿದ್ದು ಬ್ಯಾಡ ಅನ್ನಿಸ್ಕೋಳಾಕಲೇ. ಮುಖದ ಮ್ಯಾಲ ಬರದಿತ್ತು.”

ನಿವೃತ್ತರಾದ ನಮ್ಮ ಊರ ಮಾಸ್ತರರೊಬ್ಬರ ಕಡೆಗೂ ಹೋದೆ. ಅವರು ಕನ್ನಡಕ ಏರಿಸಿ ಹುಕುಂ ಓದಿ, ಒಳಗೆ ಹೋದವರಿಗೆ ಬಡ್ತಿ ಇರುತ್ತದೆ, ಕಾರಕೂನರಾದವರನ್ನು ಕಂಡಿದ್ದೇನೆ ಎಂದರು. ನಾನು ಸಮಾಧಾನದಿಂದ ಏಳುವಷ್ಟರಲ್ಲಿ, “ಬಡ್ತಿ ಕಾಯ್ಕೋತ ಜವಾನರಾಗೇ ರಿಟೈರ್ ಆದವರನ್ನೂ ಕಂಡೇನಿ, ಫಕ್ಕೀರಪ್ಪ,” ಎಂದು ಕನ್ನಡಕ ಇಳಿಸಿದರು. ಹಿಡಿದರೆ ಓದುವ ಹೊತ್ತು ಹೋಗುತ್ತದೆ. ಹಿಡಿಯದಿದ್ದರೆ ವಯಸ್ಸು ಹೋಗುತ್ತದೆ. ಹಿಡಿದ ಮೇಲೆ ಸಹಾಯಕರ ಪರೀಕ್ಷೆಗೆ ಕರೆದರೆ ಹಿಡಿದದ್ದು ವ್ಯರ್ಥ. ಹಿಡಿಯದೆ ಕುಳಿತು ಕರೆಯದಿದ್ದರೆ ಕುಳಿತದ್ದು ವ್ಯರ್ಥ. ಟ್ರ್ಯಾಕ್ಟರ್ ಕೊಳ್ಳಲು ಬಂದ ರೈತನಿಗೆ ನಾನು ಒಂದೇ ಮಾತಿನಲ್ಲಿ ತಗೋ ಅನ್ನುತ್ತೇನೆ, ಬಿಡು ಅನ್ನುತ್ತೇನೆ. ಆ ವಾರ ಒಬ್ಬ ರೈತ ಬಂದು ಟ್ರೇಲರ್ ವಿಷಯ ಕೇಳಿದಾಗ, ಎರಡೂ ಕಡೆಯಿಂದ ವಿಚಾರ ಮಾಡು ತಮ್ಮಾ ಎಂದುಬಿಟ್ಟೆ. ಅವನು ಬೇರೆ ದಲಾಲಿಯ ಕಡೆಗೆ ಹೋದ.

ಇಲ್ಲೊಂದು ಮಾತು ಒಪ್ಪಿಕೊಳ್ಳಬೇಕು. ನನ್ನ ಗೊಂದಲಕ್ಕೆ ಇನ್ನೊಂದು ಕಾರಣವಿತ್ತು. ಇಪ್ಪತ್ತೈದು ವರ್ಷಗಳಿಂದ ನಾನು ನಮ್ಮ ಮನೆಯೆದುರಿನ ಊರ ಕಟ್ಟೆಯ ಮೇಲೆ ಒಂದು ಕಥೆ ಹೇಳುತ್ತ ಬಂದಿದ್ದೇನೆ: ನನಗೂ ಸರಕಾರಿ ನೌಕರಿ ಬಂದಿತ್ತು, ಒದ್ದು ಬಂದೆ. ಹೊಸದಾಗಿ ಸಂತೆಗೆ ಬಂದ ಹುಡುಗರಿಗೆ ಧೈರ್ಯ ತುಂಬಲು ಇದು ಒಳ್ಳೆಯ ಕಥೆ. ನಡೆದದ್ದು ಬೇರೆ. ನಮ್ಮ ಪಂಚಾಯತಿಯಲ್ಲಿ ನೀರು ಬಿಡುವವನ ಜಾಗ ಖಾಲಿಯಿತ್ತು. ಪದವಿ ಮುಗಿಸಿ ಸುಮ್ಮನೆ ತಿರುಗುತ್ತಿದ್ದ ನನ್ನನ್ನು ಅಧ್ಯಕ್ಷರು ಕರೆಸಿ, ಈಗ ದಿನಗೂಲಿ, ಮುಂದೆ ಕಾಯಂ ಆದೀತು, ಮಾಡ್ತಿಯೇನು ಎಂದು ಕೇಳಿದರು. ನನಗೆ ಬೇಕೇ ಇತ್ತು. ಆದರೆ ಬೇಕು ಎಂದು ಮುಖದಲ್ಲಿ ತೋರಿಸಿದರೆ ದರ ಬೀಳುತ್ತದೆಯಲ್ಲ. “ವಾಲ್ ತಿರುವೂದ ಕೆಲಸ ನನಗ್ಯಾಕ್ರಿ,” ಎಂದು ಟವೆಲ್ ಕೊಡವಿ ಎದ್ದು ಬಾಗಿಲ ಕಡೆಗೆ ನಡೆದೆ. ಹತ್ತು ಹೆಜ್ಜೆ ಎಣಿಸಿದೆ. ಸಂತೆಯಲ್ಲಿ ಆರನೆಯ ಇಲ್ಲವೆ ಏಳನೆಯ ಹೆಜ್ಜೆಗೆ ಕರೆ ಬರುತ್ತದೆ. ಹತ್ತಾಯಿತು, ಹನ್ನೆರಡಾಯಿತು. ಚಪ್ಪಲಿಯ ಬಾರು ಸರಿಮಾಡುವ ನೆವದಲ್ಲಿ ಹೊಸ್ತಿಲಲ್ಲಿ ಬಗ್ಗಿ ನಿಂತೆ. ಒಳಗಿನಿಂದ ಅಧ್ಯಕ್ಷರ ದನಿ ಕೇಳಿತು, “ಆತು, ಆ ನಿಂಗಪ್ಪನ್ನ ಕರೀರಿ.” ನಿಂಗಪ್ಪ ಅವತ್ತೇ ವಾಲ್ ತಿರುವಿದ. ಈಗ ಅವನ ನೌಕರಿ ಕಾಯಂ ಆಗಿದೆ. ದಿನಾ ಬೆಳಿಗ್ಗೆ ನಮ್ಮ ಮನೆಯ ನಳಕ್ಕೆ ನೀರು ಬಿಡುವವನು ಅವನೇ.

ಈಗ ಹೇಳಿ, ಹೆಂಡತಿಯ ವಿಷಯದಲ್ಲಿ ಹಿಡಿ ಅಂದರೆ ನನ್ನ ಕಟ್ಟೆಯ ಕಥೆ ಸುಳ್ಳಾಗುತ್ತದೆ, ಬಿಡು ಅಂದರೆ ಮನೆಯಲ್ಲಿ ಎರಡನೆಯ ಸಲ ಹತ್ತು ಹೆಜ್ಜೆ ನಡೆದಂತಾಗುತ್ತದೆ. ಯಾವ ಮಾತು ಬುದ್ಧಿಯಿಂದ ಬರುತ್ತಿದೆ, ಯಾವುದು ಹಳೆಯ ಹೊಟ್ಟೆನೋವಿನಿಂದ ಬರುತ್ತಿದೆ ಎಂದು ನನಗೇ ತಿಳಿಯದೆ ಹೋಯಿತು.

ಆ ದಿನಗಳಲ್ಲಿ ಕಸ್ತೂರಿ ಎರಡು ಸಲ ಕುಂದಗೋಳಕ್ಕೆ ಹೋಗಿ ಬಂದಳು. ಯಾಕೆಂದು ಕೇಳಿದರೆ ದವಾಖಾನೆಗೆ ಎಂದಳು. ಮೊಣಕಾಲು ನೋವಿರಬೇಕು ಎಂದುಕೊಂಡು, ಎಳ್ಳೆಣ್ಣೆ ಬಿಸಿ ಮಾಡಿ ತಿಕ್ಕಿಕೋ ಎಂದು ಸಲಹೆ ಕೊಟ್ಟೆ. “ಆತ್ರಿ” ಎಂದಳು.

ಹದಿನಾಲ್ಕನೆಯ ದಿನ ನನಗೊಂದು ದಾರಿ ಹೊಳೆಯಿತು. ಹಿಡಿಯುವುದೂ ಬೇಡ, ಬಿಡುವುದೂ ಬೇಡ, ನಡುವಿನ ದರಕ್ಕೆ ಮುಗಿಸೋಣ. ಡಿ ದರ್ಜೆಗೆ ಆಯ್ಕೆಯಾದವಳು ಬಿ.ಎ. ಆಗಿದ್ದಾಳೆ ಎಂದು ತೋರಿಸಿ ಸಿ ದರ್ಜೆಗೆ ಕೇಳುವುದು. ಅದಕ್ಕೂ ಒಪ್ಪದಿದ್ದರೆ ಅಣ್ಣಿಗೇರಿ ಬದಲು ಕುಂದಗೋಳಕ್ಕಾದರೂ ಕೇಳುವುದು. ನನಗೆ ಒಮ್ಮೆಲೇ ಹಗುರವಾಯಿತು. ಕೇಳಿದರೆ ಕಳೆದುಕೊಳ್ಳುವುದೇನು ಎಂದು ಕಸ್ತೂರಿಗೆ ಹೇಳಿದೆ. ಅವಳು “ಹೋಗೂಣು ನಡೀರಿ,” ಎಂದಳು. ಅವಳ ಕೈಯಲ್ಲಿ ಮದುವೆ ಮನೆಗೆ ಒಯ್ಯುವ ದೊಡ್ಡ ಚೀಲ ಇತ್ತು.

ಧಾರವಾಡದ ಆ ಕಚೇರಿಯ ಹೆಸರು ನನಗೇಕೆ, ನಿಮಗೇಕೆ. ಬಾಗಿಲಲ್ಲಿ ಬೆಂಚು, ಬೆಂಚಿನ ಮೇಲೆ ಕಾಗದ ಹಿಡಿದ ಮಂದಿ. ಕಸ್ತೂರಿಯನ್ನು ಅಲ್ಲಿ ಕೂರಿಸಿ ನಾನು ಮುಂದೆ ಹೋದೆ. ಮೇಜಿನ ಹಿಂದೆ ಮೂವತ್ತರ ಆಸುಪಾಸಿನ ಒಬ್ಬ ಕಾರಕೂನ, ಕೈಯಲ್ಲಿ ಪೆನ್ನು.

“ಸಾಹೇಬ್ರ, ಒಂದ ಮಾತಿತ್ರಿ.”

“ಹೇಳ್ರಿ.”

ನನ್ನ ಹಿಂದೆ ಆರು ಮಂದಿ ನಿಂತಿದ್ದರು. ಆರೂ ಮಂದಿಯ ಕಿವಿ ಮುಂದಕ್ಕೆ ಬಂದಿತ್ತು. ದರದ ಮಾತು, ಬಾಯಿಂದ ಹೇಗೆ ಹೇಳುವುದು? ನಾನು ಹೇಳಲಿಲ್ಲ. ಹೆಗಲ ಮೇಲಿನ ಟವೆಲ್ ತಾನೇ ಇಳಿಯಿತು. ಮೂವತ್ತು ವರ್ಷದಿಂದ ಇಳಿಯುತ್ತಿರುವ ಟವೆಲ್ಲು, ಅದಕ್ಕೆ ನನ್ನ ಅಪ್ಪಣೆ ಬೇಕಿರಲಿಲ್ಲ. ಅದು ಹೋಗಿ ಕಾರಕೂನನ ಬಲಗೈ ಮೇಲೆ ಬಿತ್ತು, ಅದರ ಕೆಳಗೆ ನನ್ನ ಕೈ ಹೋಯಿತು, ಹೋಗಿ ಅವನ ಬೆರಳು ಹಿಡಿಯಿತು.

ಅವನು ಎದ್ದ ರಭಸಕ್ಕೆ ಕುರ್ಚಿ ಹಿಂದಕ್ಕೆ ಬಿತ್ತು.

“ಏ, ಏನ್ ಮಾಡಾಕತ್ತೀರಿ? ತಗೀರಿ ಕೈ. ಮ್ಯಾಲ ಕ್ಯಾಮೆರಾ ಐತಿ, ಕಾಣೂದಿಲ್ಲೇನು? ಟವೆಲ್ಲಿನ್ಯಾಗ ರೊಕ್ಕ ಇಟಗೊಂಡು ಬಂದೀರೇನು?”

ಕಚೇರಿಯ ಪೆನ್ನುಗಳೆಲ್ಲ ನಿಂತವು. ಅವನೇ ಟವೆಲ್ ಎತ್ತಿ ಎಲ್ಲರ ಎದುರಿಗೆ ಝಾಡಿಸಿದ. ಎರಡು ಶೇಂಗಾ ಸಿಪ್ಪೆ ಬಿದ್ದವು.

“ಯಾರ ಕೆಲಸಕ್ಕ ಬಂದೀರಿ ನೀವು? ಯಾರ ಕಡಿಂದ?”

ಹಿಂದಿನಿಂದ ಬೆಂಚು ಸರಿದ ಸದ್ದು ಕೇಳಿತು.

“ನನ್ನ ಕಡಿಂದ ರಿ,” ಎಂದಳು ಕಸ್ತೂರಿ. “ನಮ್ಮ ಯಜಮಾನ್ರು.”

ನಮ್ಮಿಬ್ಬರನ್ನೂ ಒಳಗಿನ ಕೋಣೆಗೆ ಕರೆದರು. ಅಲ್ಲಿ ಅಧೀಕ್ಷಕರು, ನಿವೃತ್ತಿಗೆ ಹತ್ತಿರ ಬಂದವರು. ಕಾರಕೂನ ನಡೆದದ್ದನ್ನು ಇನ್ನಷ್ಟು ಉದ್ದ ಮಾಡಿ ಹೇಳಿದ. ಅಧೀಕ್ಷಕರು ನನ್ನ ಕಡೆ ನೋಡಲಿಲ್ಲ, ಕಸ್ತೂರಿಯ ಕಡೆ ನೋಡಿದರು.

“ನೋಡ್ರಿ ತಂಗಿ, ರೊಕ್ಕದ ಆಸೆ ತೋರಿಸಾಕ ಬಂದಿದ್ರು ಅಂತ ಇಂವ ಬರದು ಕೊಟ್ರ, ನಾ ನಿಮ್ಮ ಹೆಸರಿನ ಮ್ಯಾಲ ಬರೀಬೇಕಾಗತೈತಿ. ನಾಳೆ ಕಡೀ ದಿನ. ಆಮ್ಯಾಲೆ ಈ ಹುಕುಂ ಉಳಿಯೂದಿಲ್ಲ.”

ಆಗ ನನಗೆ ಒಂದು ವಿಚಿತ್ರ ಸಂಗತಿ ತಿಳಿಯಿತು. ಹದಿನಾಲ್ಕು ದಿನ ಆ ನೌಕರಿ ಹಗುರೋ ಭಾರವೋ ಎಂದು ತೂಗುತ್ತಿದ್ದವನಿಗೆ, ಅದು ಕೈಬಿಡುತ್ತದೆ ಎಂದ ಕೂಡಲೇ ಬೇಕೇ ಬೇಕು ಅನ್ನಿಸಿತು. ಮಾತಾಡಿದವಳು ಕಸ್ತೂರಿ.

“ಸರ, ಇವರು ದನದ ಸಂತ್ಯಾಗ ಬೆಳದವರ್ರಿ. ಮಾತು ಖಾಸಗಿ ಇದ್ರ ಕೈಮ್ಯಾಲ ಟವೆಲ್ ಹಾಕೂದು ಇವರ ರೂಢಿ. ನಮ್ಮ ಮದಿವ್ಯಾಗ ವರದಕ್ಷಿಣಿ ಬ್ಯಾಡ ಅಂತ ಹೇಳಾಕೂ ನಮ್ಮಪ್ಪನ ಕೈ ಟವೆಲ್ಲಿನ್ಯಾಗ ಹಿಡಿದಿದ್ರು, ಅವರೂ ಹಿಂಗ ಹೆದರಿದ್ರು. ಇನ್ನ ರೊಕ್ಕ ಕೊಡೂ ಮಾತಂದ್ರ, ಸರ, ಎಮ್ಮಿಗೆ ಒಂದು ಹಗ್ಗಾ ತರಬೇಕಾದ್ರ ಇವರು ನಾಕ ಅಂಗಡಿ ತಿರಗತಾರ. ಇವರು ಲಂಚ ಎಲ್ಲಿಂದ ಕೊಟ್ಟಾರು? ಗುಡಗೇರ್ಯಾಗ ಯಾರನ್ನರ ಕೇಳ್ರಿ.”

ಅಧೀಕ್ಷಕರು ಈಗ ನನ್ನನ್ನು ನೋಡಿದರು. “ಎಷ್ಟು ಬೆರಳು ಹಿಡದಿದ್ರಿ?”

“ಮೂರು ರಿ.”

“ಯಾಕ ಮೂರು?”

“ಎ ಅಂದ್ರ ಒಂದು, ಡಿ ಅಂದ್ರ ನಾಕು. ಒಂದು ಬೆರಳು ಇಳಿಸಿ ಸಿ ಮಾಡಿಕೊಡ್ರಿ ಅಂತ...”

ಅಧೀಕ್ಷಕರ ಹೊಟ್ಟೆ ಅಲುಗತೊಡಗಿತು, ಹೊಟ್ಟೆಯಿಂದ ಹೆಗಲಿಗೆ ಏರಿತು. ಕನ್ನಡಕ ತೆಗೆದು ಕಣ್ಣು ಒರೆಸಿಕೊಂಡರು. “ನಮ್ಮಪ್ಪನೂ ನವಲಗುಂದ ಕಡೆ ಒಕ್ಕಲತನ ಮಾಡಿದಾವ. ನಾಕ ಜೋಡಿ ಎತ್ತು ಕಟ್ಟಿದ್ದ. ಕೊಡ್ರಿ ಇಲ್ಲೆ ಟವೆಲ್,” ಎಂದರು. ನಮ್ಮಿಬ್ಬರ ಕೈ ಮೇಲೆ ತಾವೇ ಅದನ್ನು ಹೊದಿಸಿ, ಒಳಗೆ ನನ್ನ ನಾಲ್ಕು ಬೆರಳು ಗಟ್ಟಿಯಾಗಿ ಹಿಡಿದರು. ಹಳೆಯ ಹಿಡಿತ, ಒಕ್ಕಲಿಗರದು. ನಾನು ಬಿಡಿಸಿಕೊಳ್ಳಲು ನೋಡಿದೆ, ಬಿಡಲಿಲ್ಲ.

“ನಾಕು. ಸರಕಾರದ್ದು ಒಂದ ದರ. ಹೂಂ ಅಂತೀರೋ, ಎದ್ದು ಹೊಕ್ಕೀರೋ?”

ನಾನು ಕಸ್ತೂರಿಯ ಕಡೆ ತಿರುಗಿದೆ. ಅವಳು ಆಗಲೇ ಚೀಲ ಬಿಚ್ಚಿದ್ದಳು. ಮದುವೆ ಚೀಲದಿಂದ ಒಂದೊಂದಾಗಿ ಕಾಗದ ಹೊರಬಂದವು. ಅಂಕಪಟ್ಟಿಗಳು, ಜಾತಿ-ಆದಾಯದ ಪತ್ರ, ಪ್ರತಿಯೊಂದರ ದೃಢೀಕರಿಸಿದ ನಕಲು, ಕುಂದಗೋಳದ ದವಾಖಾನೆಯಿಂದ ತಂದ ವೈದ್ಯಕೀಯ ಪ್ರಮಾಣಪತ್ರ. ನಾನು ಎಳ್ಳೆಣ್ಣೆ ಹೇಳಿದ ಮೊಣಕಾಲು ಅದು. ಎಲ್ಲಕ್ಕಿಂತ ಕೆಳಗೆ, ದುಂಡಗಿನ ಅಕ್ಷರದಲ್ಲಿ ಬರೆದ ಒಪ್ಪಿಗೆ ಪತ್ರ. ಅಧೀಕ್ಷಕರು ಅದನ್ನು ಓದಿ ನನ್ನ ಕಡೆ ಸರಿಸಿದರು. ಕೆಳಗೆ ದಿನಾಂಕವಿತ್ತು. ಹುಕುಂ ಬಂದ ದಿನದ್ದು.

ಹುಬ್ಬಳ್ಳಿಯಲ್ಲಿ ನಮ್ಮೂರ ರೈಲಿಗೆ ಕಾಯುತ್ತ ಕುಳಿತಾಗ ನಾನು ಕೇಳಿದೆ.

“ಅವತ್ತ ಬರದಿಟ್ಟಿದ್ದಿ?”

“ಹೌದ್ರಿ. ರೊಟ್ಟಿ ಮುಗಿಸಿ ಬರದೆ.”

“ಮತ್ತ ನನಗ ಹೇಳಬಾರದಾ? ನಾ ಹದಿನಾಲ್ಕ ದಿನ ತಲಿ ಒಡಕೊಂಡೆ.”

“ನೀವು ಅವ್ವನ್ನ ಕೇಳಿದ್ರಿ, ಮಕ್ತುಮಣ್ಣನ್ನ ಕೇಳಿದ್ರಿ, ಮಾಸ್ತರನ್ನ ಕೇಳಿದ್ರಿ. ನನ್ನೂ ಕೇಳ್ತೀರೇನೋ ಅಂತ ಕಾದೆ.” ಅವಳು ಶೇಂಗಾ ಪೊಟ್ಟಣ ಬಿಚ್ಚಿ ನನ್ನ ಕಡೆಗೆ ಹಿಡಿದಳು. “ನಾಳೆತನಾ ಕಾಯೂದಿತ್ತು. ನಾಳೆನೂ ಕೇಳಲಿಲ್ಲಂದ್ರ ಒಬ್ಬಾಕಿನ ಹೋಗಿ ಕೊಟ್ಟು ಬರಾಕಿ ಇದ್ದೆ.”

“ಜವಾನರ ಕೆಲಸ, ಕಸ್ತೂರಿ. ನಿನಗೇನೂ ಅನ್ಸೂದಿಲ್ಲೇನು?”

“ಅನಸ್ತೈತಿ. ಅನ್ಸೂದಿಲ್ಲ ಅಂತ ಯಾರಂದ್ರು? ಖರೆ ಹತ್ತ ಹೆಜ್ಜಿ ನಡದ್ರ ಯಾರೂ ಹೊಳ್ಳಿ ಕರಿಯೂದಿಲ್ಲ ಅನ್ನೂದು ನಮ್ಮ ಮನ್ಯಾಗ ಗೊತ್ತಿದ್ದದ್ದ ಐತೆಲ್ಲಾ.”

ನಾನು ಅವಳನ್ನು ನೋಡಿದೆ. ಅವಳು ಹಳಿಗಳನ್ನು ನೋಡುತ್ತಿದ್ದಳು.

“ಯಾರು ಹೇಳಿದ್ರು?”

“ಅತ್ತಿ. ಅವತ್ತ ಮನಿಗೆ ಬಂದು ನೀವ ಅವರಿಗೆ ಹೇಳಿದ್ರಂತ, ಅವರು ನನಗ ಮದಿವಿ ಆದ ಮೊದಲನೇ ವರ್ಷನ ಹೇಳಿದ್ರು. ನೀವು ಕಟ್ಟಿ ಮ್ಯಾಲ ಒದ್ದು ಬಂದೆ ಅಂತ ಹೇಳೂ ಮುಂದ ನಾ ಬಾಗಲದಾಗ ನಿಂತು ಕೇಳ್ತೇನ್ರಿ. ಚಲೋ ಹೇಳ್ತೀರಿ.”

ಹದಿನಾರು ವರ್ಷ ಒಂದೇ ಮನೆಯಲ್ಲಿ ನನ್ನ ಸುಳ್ಳನ್ನು ಗೊತ್ತಿದ್ದೂ ಬಾಗಿಲಲ್ಲಿ ನಿಂತು ಕೇಳಿದವಳ ಪಕ್ಕದಲ್ಲಿ ಕುಳಿತು ನಾನು ಶೇಂಗಾ ತಿಂದೆ.

ಅವಳು ಹಾಜರಾಗಿ ಈಗ ಕೆಲವು ತಿಂಗಳಾಗಿವೆ. ಬೆಳಿಗ್ಗೆ ಗುಡಗೇರಿಯಿಂದ ಹುಬ್ಬಳ್ಳಿ, ಅಲ್ಲಿ ರೈಲು ಬದಲಿಸಿ ಅಣ್ಣಿಗೇರಿ. ಎಲ್ಲ ಸರಿಹೋಯಿತು ಎಂದು ಹೇಳಿ ಮುಗಿಸಿದ್ದರೆ ನನಗೂ ಸಲೀಸಾಗುತ್ತಿತ್ತು. ಆದರೆ ನನ್ನ ಗೊಂದಲ ಇದ್ದಲ್ಲೇ ಇದೆ, ಸ್ವಲ್ಪ ಬಲಿತಿದೆ ಅಷ್ಟೆ. ಒಂದು ಸಂಜೆ ಬಂದು, ಇವತ್ತು ಹನ್ನೆರಡು ಸಲ ಘಂಟೆ ಬಾರಿಸಿದರು, ಏಳುವಷ್ಟರಲ್ಲಿ ಇನ್ನೊಮ್ಮೆ ಬಾರಿಸಿದರು ಎಂದು ಕಾಲು ಚಾಚಿ ಕುಳಿತಳು. ಅವತ್ತು ನನಗೆ, ಮಕ್ತುಮ್‌ಸಾಬ ಮೊದಲು ಹೇಳಿದ್ದೇ ಸರಿ ಅನ್ನಿಸಿತು. ಇನ್ನೊಂದು ಸಂಜೆ ಕಣ್ಣರಳಿಸಿ ಬಂದಳು. ಅಲ್ಲಿಯ ಕಾರಕೂನ ರಜೆಯಲ್ಲಿದ್ದನಂತೆ, ಸಾಹೇಬರು ಇವಳ ಕೈಯಿಂದ ಒಂದು ಪತ್ರ ಬರೆಸಿ, ಒಂದಕ್ಷರ ತಿದ್ದದೆ ಸಹಿ ಹಾಕಿದರಂತೆ. ಅವತ್ತು ಅವ್ವ ಹೇಳಿದ್ದು ಸರಿ ಅನ್ನಿಸಿತು. ಮರುದಿನದಿಂದ ಆ ಕಾರಕೂನ ತನ್ನ ಪತ್ರಗಳನ್ನೆಲ್ಲ ಇವಳಿಂದಲೇ ಬರೆಸತೊಡಗಿದ್ದಾನೆ. ಇದು ಏಣಿ ಹತ್ತುವುದೋ, ಜವಾನರ ಪಗಾರಕ್ಕೆ ಕಾರಕೂನಿಕೆ ಮಾಡುವುದೋ? ಮಾವ ಇದ್ದಿದ್ದರೆ ಕೇಳುತ್ತಿದ್ದೆ. ಅವನೂ ಎರಡು ಸೂತ್ರ ಹೇಳುತ್ತಿದ್ದ.

ಸಹಾಯಕರ ಪರೀಕ್ಷೆಯ ಪುಸ್ತಕವನ್ನು ರೈಲಿನಲ್ಲಿ ಓದುತ್ತಾಳೆ. ಹೋಗುವಾಗ ಓದುತ್ತೇನೆ, ಬರುವಾಗ ನಿದ್ದೆ ಬರುತ್ತದೆ ಎನ್ನುತ್ತಾಳೆ. ಅರ್ಜಿ ಕರೆಯುತ್ತಾರೋ ಇಲ್ಲವೋ ಯಾರಿಗೂ ಗೊತ್ತಿಲ್ಲ. ಸಂತೆಯಲ್ಲಿ ಒಬ್ಬ ನನ್ನನ್ನು “ಏನ್ರಿ ಸರಕಾರಿ ಯಜಮಾನ್ರ” ಎಂದು ಕರೆದ. ಹೊಗಳಿದನೋ ಚಾಷ್ಟಿ ಮಾಡಿದನೋ ಎಂದು ಎರಡು ದಿನ ವಿಚಾರ ಮಾಡಿದೆ. ಕಟ್ಟೆಯ ಮೇಲಿನ ಕಥೆಯನ್ನು ಮಾತ್ರ ಈಗ ಹೇಳುವುದಿಲ್ಲ. ಬಾಗಿಲಲ್ಲಿ ಯಾರೂ ನಿಂತಿಲ್ಲವೆಂದು ಗೊತ್ತಿದ್ದರೂ ಬಾಯಿಗೆ ಬರುವುದಿಲ್ಲ.

ನಿಮ್ಮ ಮನೆಗೂ ನಾಳೆ ಇಂಥದೊಂದು ಹುಕುಂ ಬರಬಹುದು, ಅದಕ್ಕೆ ಇಷ್ಟು ಬರೆದೆ. ಕೆಳಗಿನ ದರ್ಜೆಯ ನೌಕರಿ ಹಿಡಿಯಬೇಕೋ ಬಿಡಬೇಕೋ ಎಂದು ನನ್ನನ್ನು ಕೇಳಬೇಡಿ. ಸಲಹೆ ಕೊಡದೆ ಇರಲಾಗದ ಮನುಷ್ಯ ನಾನು, ಎರಡೂ ಕೊಟ್ಟುಬಿಡುತ್ತೇನೆ. ಆದರೆ ಇಷ್ಟನ್ನು ಖಾತ್ರಿಯಿಂದ ಹೇಳಬಲ್ಲೆ. ನಕಲುಗಳನ್ನು ಐದು ಸೆಟ್ ಮಾಡಿಸಿ, ಮೂರು ಸಾಕು ಅನ್ನುವವರು ತಾವು ಎಂದೂ ಕಚೇರಿಗೆ ಹೋಗಿರುವುದಿಲ್ಲ. ದವಾಖಾನೆಯ ಪ್ರಮಾಣಪತ್ರಕ್ಕೆ ಸೋಮವಾರ ಹೋಗಬೇಡಿ, ಬುಧವಾರ ಹೋಗಿ. ಕೊನೆಯ ದಿನದವರೆಗೆ ಕಾಯಬೇಡಿ, ಸರಕಾರ ಹೊಸ್ತಿಲಲ್ಲಿ ಬಂದು ಯಾರನ್ನೂ ಕರೆಯುವುದಿಲ್ಲ. ಊರ ಮಂದಿಯನ್ನು ಕೇಳುವ ಮೊದಲು ಹುಕುಮಿನ ಮೇಲೆ ಯಾರ ಹೆಸರಿದೆಯೋ ಅವರನ್ನು ಒಮ್ಮೆ ಕೇಳಿ. ಕೇಳಲು ನಾಚಿಕೆಯಾದರೆ ಅವರ ಚೀಲವನ್ನಾದರೂ ನೋಡಿ. ಒಳಗೆ ಒಪ್ಪಿಗೆ ಪತ್ರ ಕಂಡರೆ ಬಾಯಿ ಮುಚ್ಚಿಕೊಂಡು ಒಂದೇ ಮಾತು ಕೇಳಿ, ಎಷ್ಟು ಗಂಟೆಯ ರೈಲು ಎಂದು. ಅದು ಗೊತ್ತಾದ ಮೇಲೆ ಹಿಂದಿನ ದಿನವೇ ಮೋಟರ್‌ಸೈಕಲ್ಲಿಗೆ ಪೆಟ್ರೋಲ್ ಹಾಕಿಸಿಡಿ. ಸ್ಟೇಷನ್ನಿಗೆ ಬಿಟ್ಟು ಬರುವ ಕೆಲಸವಾದರೂ ನಿಮಗೆ ಉಳಿಯುತ್ತದೆ.